ಹದಿನಾಲ್ಕನೇ ಪೋರ್ಟು
ನಮ್ಮ ಆಸ್ಪತ್ರೆಯ ನೆಟ್‌ವರ್ಕ್ ನೋಡಿಕೊಳ್ಳುವ ಯಜಮಾನರು ಮನುಷ್ಯರನ್ನು ವಿಚಾರಿಸುವುದು ಕಡಿಮೆ, ರೂಟರನ್ನು ವಿಚಾರಿಸುವುದೇ ಹೆಚ್ಚು. ಅದಕ್ಕೆಂದೇ ಒಂದು ವೆಬ್ ಪುಟವನ್ನು ತಾವೇ ಬರೆದುಕೊಂಡಿದ್ದಾರೆ. ಯಾವ ಪೋರ್ಟಿನಲ್ಲಿ, ಅಂದರೆ ಕೇಬಲ್ ಸಿಕ್ಕಿಸುವ ಯಾವ ಕಿಂಡಿಯಲ್ಲಿ, ಜೀವ ಇದೆ, ಯಾವುದರಲ್ಲಿ ಇಲ್ಲ ಎಂದು ಅದರೊಳಗಿನ ಸ್ಕ್ರಿಪ್ಟು ಅರ್ಧ ನಿಮಿಷಕ್ಕೊಮ್ಮೆ ರೂಟರನ್ನು ಕೇಳುತ್ತದೆ. ಇದ್ದರೆ ಹಸಿರು, ಇಲ್ಲದಿದ್ದರೆ ಕೆಂಪು. ವಾರ್ಡಿನವರು ದೂರು ಹೇಳಲು ಫೋನ್ ಎತ್ತುವಷ್ಟರಲ್ಲಿ ಇವರು ಬಾಗಿಲಲ್ಲಿ ನಿಂತಿರುತ್ತಾರೆ. "ನಿಮಗೆ ಹೇಗೆ ಗೊತ್ತಾಯ್ತು ಸಾರ್?" ಎಂದು ನರ್ಸಮ್ಮ ಕೇಳಿದರೆ, "ರೂಟರ್ ಹೇಳ್ತು ಕಣಮ್ಮಾ, ಅದಕ್ಕೆ ಸುಳ್ಳು ಹೇಳೋಕೆ ಬರಲ್ಲ" ಎನ್ನುತ್ತಾರೆ. ಆದರೆ ಮೂರನೇ ಮಹಡಿಯ ಲ್ಯಾಬಿಗೆ ಹೋಗುವ ಹದಿನಾಲ್ಕನೇ ಪೋರ್ಟು ಬೆಳಗ್ಗೆ ಒಂಬತ್ತಕ್ಕೆ ಹಸಿರಾಗುವವರೆಗೆ ಅವರು ಟೀ ಮುಟ್ಟುವುದಿಲ್ಲ. ಅದು ಅಲ್ಲಿ ಕೆಲಸ ಮಾಡುವ ಅವರ ಮಗಳ ಕಂಪ್ಯೂಟರಿನದು; ಹಸಿರಾದರೆ ಅವಳು ಬಂದಳೆಂದು ಅರ್ಥ. ಅವಳು ತನ್ನಿಷ್ಟದಂತೆ ಮದುವೆಯಾದಾಗ ಇವರು ಆಡಿದ ಮಾತಿಗೆ ನೊಂದು, ಎರಡು ವರ್ಷದಿಂದ ಮಾತು ಬಿಟ್ಟಿದ್ದಾಳೆ. ಮೊನ್ನೆ ಗಂಟೆ ಹತ್ತಾದರೂ ಅದು ಕೆಂಪಾಗಿಯೇ ಇತ್ತು. ಯಜಮಾನರು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿದರು. ಮಗಳು ಕುರ್ಚಿಯಲ್ಲೇ ಇದ್ದಳು. ಕೇಬಲ್ಲು ಕಳಚಿಕೊಂಡಿತ್ತು, ಅಷ್ಟೆ. ಏದುಸಿರು ಬಿಡುತ್ತಲೇ ಮೇಜಿನಡಿ ತೂರಿ ಅದನ್ನು ಸಿಕ್ಕಿಸಿದರು. ಹೊರಬರುವಷ್ಟರಲ್ಲಿ ಮೇಜಿನ ಅಂಚಿಗೆ ಅವಳ ಅಂಗೈ ಅಡ್ಡ ಬಂದಿತ್ತು. "ಮೆಲ್ಲಗೆ ಏಳಪ್ಪಾ, ತಲೆಗೆ ತಗುಲುತ್ತೆ," ಎಂದಳು.