ನೀರೊಳಗೆ ಓಡುವುದನ್ನು ನೋಡಬೇಕೆಂದವರು

ಕಳೆದ ಭಾನುವಾರ ರಿಮೋಟಿನಿಂದ ಓಡಿಸುವ ನನ್ನ ಹಳೆಯ ಪುಟ್ಟ ಜೀಪಿನೊಳಗಿನ ಡಬ್ಬಿಯೊಂದನ್ನು ಬ್ಲೇಡಿನಿಂದ ಕೊಯ್ದು ತೆರೆದೆ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಪ್ಲಾಸ್ಟಿಕ್ ಡಬ್ಬಿ ಅದು. ರಿಮೋಟಿನ ಮಾತು ಕೇಳಿಸಿಕೊಳ್ಳುವ ರಿಸೀವರ್ ಇರುವುದು ಅದರೊಳಗೆ. ಹಳೆಯ ರಿಮೋಟ್ ಕೆಟ್ಟಿದ್ದರಿಂದ ರಿಸೀವರನ್ನೂ ಬದಲಾಯಿಸಬೇಕಿತ್ತು. ಮುಚ್ಚಳ ಎದ್ದ ಕೂಡಲೇ ವಾರ್ನಿಷ್ ವಾಸನೆ ಮೂಗಿಗೆ ಬಡಿಯಿತು. ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತಿದ ಮೇಲೆ ಬಳಿಯುತ್ತಾರಲ್ಲ, ಆ ವಾರ್ನಿಷ್. ಹತ್ತು ವರ್ಷ ಡಬ್ಬಿಯೊಳಗೇ ಕುಳಿತಿದ್ದ ವಾಸನೆ... ಬ್ಲೇಡು ಕೆಳಗಿಟ್ಟೆ.

ಆಗ ನಾವು ತೆರಕಣಾಂಬಿಯಲ್ಲಿದ್ದೆವು. ನಮ್ಮ ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಹೋಗುವ ದಾರಿಯಲ್ಲಿ, ಸುಟ್ಟ ಮೋಟಾರಿಗೆ ತಂತಿ ಸುತ್ತಿಕೊಡುವ ಒಂದು ವೈಂಡಿಂಗ್ ಅಂಗಡಿ. ಅದನ್ನು ನಡೆಸುತ್ತಿದ್ದವರು ಊರಿಗೆಲ್ಲ ವೈಂಡಿಂಗ್ ಅಣ್ಣ. ಸುತ್ತಮುತ್ತ ಯಾರ ಬೋರ್‌ವೆಲ್ಲಿನ ಪಂಪು ಸುಟ್ಟರೂ ಅಲ್ಲಿಗೇ ಬರಬೇಕು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬನಿಯನ್ನಿನ ಮೇಲೆ ವಾರ್ನಿಷ್ ಕಲೆ. ಮಾತು ಕಮ್ಮಿ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರೆ ತಂತಿಯ ಸುತ್ತು ಎಣಿಸುವುದು ತಪ್ಪುತ್ತದೆ ಅನ್ನುತ್ತಿದ್ದರು.

ನನಗೆ ಆಗ ಮೂವತ್ತು ವರ್ಷ. ಬದನಗುಪ್ಪೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಜೊತೆಯಲ್ಲಿ ಕೆಲಸ ಮಾಡುವ ಇಬ್ಬರು ರಿಮೋಟ್ ಗಾಡಿಗಳ ಹುಚ್ಚು ಹತ್ತಿಸಿದ್ದರು. ಭಾನುವಾರ ಬಂತೆಂದರೆ ಚಾಮರಾಜನಗರದ ಹೊರಗೆ ಒಂದು ಬಯಲಿನಲ್ಲಿ ನಮ್ಮ ಓಟ. ಮಗ ಮದುವೆಯ ವಯಸ್ಸಿನಲ್ಲಿ ಆಟದ ಸಾಮಾನು ಹಿಡಿದುಕೊಂಡು ತಿರುಗುತ್ತಾನೆ ಎಂದು ಅವ್ವ ಬಂದವರ ಮುಂದೆಲ್ಲ ಹೇಳಿ ನನ್ನ ಮಾನ ಕಳೆಯುತ್ತಿದ್ದಳು. ಅದು ಆಟದ ಸಾಮಾನಲ್ಲ ಎಂದು ವಾದ ಮಾಡಿ ಮಾಡಿ ನನಗೂ ಸಾಕಾಗಿತ್ತು. ಮೊದಲ ಮಳೆಗೆ ಬಯಲಿನ ಗುಂಡಿಯಲ್ಲಿ ನೀರು ನಿಂತಿತು. ಜೀಪು ಅದರೊಳಕ್ಕೆ ಇಳಿಯಿತು, ಅಲ್ಲೇ ಸತ್ತಿತು. ಮೋಟಾರಿಗೆ ಏನೂ ಆಗಿರಲಿಲ್ಲ, ರಿಸೀವರಿಗೆ ನೀರು ಹೋಗಿತ್ತು.

ಹೊಸ ರಿಸೀವರ್ ಕೊರಿಯರ್‌ನಲ್ಲಿ ಬರುವುದಕ್ಕೆ ಎರಡು ವಾರ ಹಿಡಿಯಿತು. ಅದನ್ನು ಹಾಕುವ ಮೊದಲು ನೀರು ಹೋಗದ ಹಾಗೆ ಏನಾದರೂ ಮಾಡಬೇಕು ಅನ್ನಿಸಿತು. ನೀರಿನ ವಿಷಯ ವೈಂಡಿಂಗ್ ಅಣ್ಣನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಜೀಪು, ರಿಸೀವರ್ ಎರಡನ್ನೂ ಹಿಡಿದುಕೊಂಡು ಅವರ ಅಂಗಡಿಗೆ ಹೋದೆ. ಅವರು ನಗಲಿಲ್ಲ. ಜೀಪನ್ನು ತಿರುಗಿಸಿ ಮುರುಗಿಸಿ ನೋಡಿ, ರಿಸೀವರ್ ಇಲ್ಲೇ ಬಿಟ್ಟು ಹೋಗು ಅಂದರು. ಊರಿನಲ್ಲಿ ನನ್ನ ಜೀಪನ್ನು ನೋಡಿ ನಗದೇ ಇದ್ದವರು ಅವರೊಬ್ಬರೇ.

ಸಂಜೆ ಹೋಗಿ ನೋಡಿದರೆ, ಪಂಪಿನ ಸುರುಳಿ ಅದ್ದುವ ಹಾಗೆ ರಿಸೀವರನ್ನು ಇಡಿಯಾಗಿ ವಾರ್ನಿಷಿನಲ್ಲಿ ಅದ್ದಿ, ನೂರು ಕ್ಯಾಂಡಲ್ ಬಲ್ಬಿನ ಕೆಳಗೆ ಒಣಗಿಸಲು ಇಟ್ಟಿದ್ದರು. ವೈರು ಚುಚ್ಚುವ ಪಿನ್ನುಗಳ ಮೇಲೂ ವಾರ್ನಿಷ್. ವಾರ್ನಿಷ್ ಇದ್ದ ಕಡೆ ಕರೆಂಟು ಹಾಯುವುದಿಲ್ಲ. ಮೋಟಾರಿಗೆ ಅದೇ ಬೇಕು. ರಿಸೀವರಿಗೆ ಅದೇ ಮಾರಿ. ಜೋಡಿಸಿದರೆ ದೀಪವೇ ಹತ್ತಲಿಲ್ಲ.

ಅವರು ಅದನ್ನೇ ನೋಡುತ್ತಾ, “ನೀರೂ ಓಗಲ್ಲ, ಕರೆಂಟೂ ಓಗಲ್ಲ. ಇಂಗ್ ಮಾಡ್ಬುಟ್ನಲ್ಲ ಕಣ್ಲಾ,” ಅಂದರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ದೊಡ್ಡವರು ಎಂದೂ ನೋಡದೆ ಕೂಗಾಡಿದೆ. ಈ ಸಹವಾಸವೇ ಬೇಡ, ಇದನ್ನು ನಾಳೆಯೇ ಯಾರಿಗಾದರೂ ಮಾರಿಬಿಡುತ್ತೇನೆ ಅಂದೆ. ಅವರು ಸ್ಟೂಲು ಎಳೆದು ನನ್ನನ್ನು ಕೂರಿಸಿದರು. ಆಮೇಲೆ ಹೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ.

“ಮಾರ್ಬ್ಯಾಡ ಕಣ್ಲಾ. ಇಪ್ಪತ್ತೈದು ವರ್ಸದಿಂದ ನೀರ್ಗ ಬುಡೋ ಮೋಟ್ರು ಕಟ್ತಾ ಇವ್ನಿ. ನನ್ ಕೈಲಿ ಕಟ್ಟಿದ್ದು ನೀರೊಳ್ಗ ಓಡದ್ನ ಒಂದಿನಾನೂ ಕಣ್ಣಾರ ಕಂಡಿಲ್ಲ. ಬೋರೊಳಕ್ಕ ಓದ್ರ ಓಯ್ತು. ಸುಟ್ಟೋದ್ ಮ್ಯಾಲೇ ನನ್ ತಾವ್ಕ ಬರದು. ಇದೊಂದ್ ಓಡದ್ನಾರ ನೋಡ್ತೀನಿ.”

ನನಗೆ ನಾಚಿಕೆಯಾಯಿತು. ನನ್ನದು ಬರೀ ಭಾನುವಾರದ ಮೋಜು. ಅವರದು ಹಾಗಲ್ಲ.

ಮಾರನೆಯ ದಿನ ರೈತರ ಎರಡು ಪಂಪನ್ನು ಪಕ್ಕಕ್ಕಿಟ್ಟು, ಕನ್ನಡಕ ಹಾಕಿಕೊಂಡು, ಬ್ಲೇಡಿನ ತುದಿಯಿಂದ ಒಂದೊಂದೇ ಪಿನ್ನು ಹೆರೆದರಂತೆ. ಸಂಜೆ ನಾನು ಬಸ್ಸಿಳಿದು ಹೋಗುವ ಹೊತ್ತಿಗೆ ರಿಸೀವರಿನ ಕೆಂಪು ದೀಪ ಹತ್ತಿತ್ತು. ಇನ್ನು ಉಳಿದದ್ದು ರಿಸೀವರ್ ಇಡುವ ಡಬ್ಬಿ. ಅದಕ್ಕೆ ಅವರದೇ ಒಂದು ಪರೀಕ್ಷೆ ಇತ್ತು. ದೇವರ ಪಟದ ಮುಂದಿದ್ದ ವಿಭೂತಿ ಗಟ್ಟಿಯನ್ನು ಕೆರೆದು ಒಂದು ಚಿಟಿಕೆ ಪುಡಿ ಖಾಲಿ ಡಬ್ಬಿಯೊಳಗೆ ಹಾಕಿ, ಮುಚ್ಚಿ, ಬಕೆಟ್ಟಿನಲ್ಲಿ ಮುಳುಗಿಸಿ, ಮೇಲೊಂದು ಕಲ್ಲು ಹೇರುತ್ತಿದ್ದರು. ಒಂದು ಟೀ ಕುಡಿದು ಬಂದು ತೆಗೆದರೆ ವಿಭೂತಿ ಪುಡಿಪುಡಿಯಾಗಿಯೇ ಇರಬೇಕು. ಮೊದಲ ಸಲ ಕೆಸರಾಗಿತ್ತು. ಎರಡನೇ ಸಲ ವೈರು ಹೊರಬರುವ ತೂತಿನ ಹತ್ತಿರ ಮಾತ್ರ ಒದ್ದೆ. ನೀರು ವೈರನ್ನು ಹಿಡಿದುಕೊಂಡೇ ಒಳಗೆ ನಡೆಯುತ್ತದೆ ಎಂದು ತೋರಿಸಿಕೊಟ್ಟರು. ಬೋರಿನ ಕೇಬಲ್ಲಿಗೆ ಸುತ್ತುವ ರಬ್ಬರ್ ಟೇಪನ್ನು ಎಳೆದೆಳೆದು ಅಲ್ಲಿ ಸುತ್ತಿದರು. ಮೂರನೇ ಸಲ ತೆಗೆದಾಗ ವಿಭೂತಿಯನ್ನು ಊದಿದರು. ಹಾರಿತು.

ಆ ಭಾನುವಾರ ನಾನು ಚಾಮರಾಜನಗರಕ್ಕೆ ಹೋಗಲಿಲ್ಲ. ಗುಂಡ್ಲುಪೇಟೆ ಕಡೆ ಒಂದು ಸಣ್ಣ ಕೆರೆ ತುಂಬಿ ಕೋಡಿ ಬಿದ್ದಿತ್ತು. ಮಣ್ಣಿನ ದಾರಿಯ ಮೇಲೆ ಗೇಣುದ್ದ ನೀರು ಹರಿಯುತ್ತಿತ್ತು. ಅವರನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ. ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದರು. ಅವರ ಮೈಮೇಲೆ ಕಲೆಯಿಲ್ಲದ ಬಟ್ಟೆ ಕಂಡದ್ದು ಅದೇ ಮೊದಲು. ಡಬ್ಬಿಯ ಮುಚ್ಚಳವನ್ನು ಕೊನೆಯದಾಗಿ ಅಂಟಿಸಿದ್ದು ಅವರೇ, ನನಗೆ ಬೆನ್ನು ಮಾಡಿ ಕುಳಿತು.

ಜೀಪು ನೀರಿಗಿಳಿಯಿತು. ಚಕ್ರ ಮುಳುಗಿತು, ಬಾನೆಟ್ಟು ಮುಳುಗಿತು, ಕೊನೆಗೆ ಆಂಟೆನಾದ ಕಡ್ಡಿಯಷ್ಟೇ ಕಾಣುತ್ತಿತ್ತು. ನಡು ನೀರಿನಲ್ಲಿ ಅದೂ ನಿಂತಿತು. ಮುಗಿಯಿತು ಅಂದುಕೊಂಡೆ. ಅವರ ಮುಖ ನೋಡುವ ಧೈರ್ಯವಾಗಲಿಲ್ಲ.

“ಯಾಕ್ಲಾ ಕೈ ಬುಟ್ಟೆ? ಓಡ್ಸು,” ಅಂದರು.

ನೋಡಿಕೊಂಡರೆ ಹೌದು. ಹೆದರಿಕೆಗೆ ರಿಮೋಟಿನ ಮೇಲಿದ್ದ ನನ್ನ ಬೆರಳೇ ಸಡಿಲವಾಗಿತ್ತು. ಮತ್ತೆ ಒತ್ತಿದೆ. ಕಡ್ಡಿ ಅಲುಗಿತು, ಮುಂದೆ ಸಾಗಿತು. ಆಚೆ ದಡದಲ್ಲಿ ಜೀಪು ಮೈತುಂಬ ನೀರು ಸುರಿಸುತ್ತಾ ಮೇಲೆ ಬಂತು. ಅವರು ಕುಣಿಯಲಿಲ್ಲ, ಚಪ್ಪಾಳೆ ಹೊಡೆಯಲಿಲ್ಲ. ಪಂಚೆ ಮೇಲೆ ಕಟ್ಟಿ ಕೋಡಿಯ ನೀರಿನಲ್ಲಿ ನಿಂತುಕೊಂಡು, “ಇನ್ನೊಂದ್ ದಪ ಬುಡು,” ಅಂದರು. ಬ್ಯಾಟರಿ ಮುಗಿಯುವವರೆಗೂ ಹಾಗೇ ಅನ್ನುತ್ತಿದ್ದರು. ಜೀಪು ಪ್ರತಿ ಸಲ ಅವರ ಕಾಲ ಪಕ್ಕದಲ್ಲೇ ಹಾಯ್ದು ಹೋಗುತ್ತಿತ್ತು. ಅವರು ಬಗ್ಗಿ ನೀರೊಳಗೇ ನೋಡುತ್ತಿದ್ದರು.

ಆಮೇಲೆ ಮದುವೆಯಾಗಿ ನಾನು ಚಾಮರಾಜನಗರಕ್ಕೆ ಮನೆ ಬದಲಾಯಿಸಿದೆ. ಊರಿಗೆ ಹೋದಾಗ ಅಂಗಡಿಯ ಮುಂದೆ ಒಂದು ನಿಮಿಷ ನಿಲ್ಲುತ್ತಿದ್ದೆ. ಓಡ್ತಾ ಅದಾ ಎಂದು ಕೇಳುತ್ತಿದ್ದರು, ಓಡ್ತಾ ಇದೆ ಅಣ್ಣ ಎನ್ನುತ್ತಿದ್ದೆ. ಅಷ್ಟೇ ಮಾತು. ನಾಲ್ಕು ವರ್ಷದ ಹಿಂದೆ ಅವರು ತೀರಿಕೊಂಡರು. ಸುದ್ದಿ ನನಗೆ ಮೂರು ದಿನ ತಡವಾಗಿ ತಿಳಿಯಿತು. ಮುಖ ನೋಡಲು ಆಗಲಿಲ್ಲ ಎಂಬ ಸಂಕಟ ಹಾಗೇ ಉಳಿದಿದೆ. ಅಂಗಡಿಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ...

ಈ ಹತ್ತು ವರ್ಷದಲ್ಲಿ ಜೀಪು ಎಷ್ಟು ಹಳ್ಳ ದಾಟಿತೋ ಲೆಕ್ಕವಿಲ್ಲ. ಆ ಡಬ್ಬಿಗೆ ಮಾತ್ರ ಒಂದು ಹನಿ ನೀರು ಹೋಗಲಿಲ್ಲ, ಅದನ್ನು ತೆರೆಯುವ ಪ್ರಮೇಯವೇ ಬರಲಿಲ್ಲ. ಕಳೆದ ಭಾನುವಾರ ತೆರೆದಾಗ ರಿಸೀವರಿನ ಪಕ್ಕದಲ್ಲಿ, ಮೂಲೆಯಲ್ಲಿ, ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಮಡಚಿದ ಒಂದು ಪುಟ್ಟ ಪೊಟ್ಟಣ ಇತ್ತು. ಆವತ್ತು ಬೆನ್ನು ಮಾಡಿ ಕುಳಿತು ಇಟ್ಟಿದ್ದಿರಬೇಕು. ಬಿಚ್ಚಿದೆ. ವಿಭೂತಿ. ಅವರು ಅಂದು ಊದಿದ ಹಾಗೇ ಮೆಲ್ಲಗೆ ಊದಿದೆ. ಹಾರಿತು.

ಉಳಿದದ್ದರಲ್ಲಿ ಒಂದು ಚೂರು ಹಣೆಗೆ ಹಚ್ಚಿಕೊಂಡೆ. ಪೊಟ್ಟಣವನ್ನು ಹೊಸ ರಿಸೀವರಿನ ಪಕ್ಕದಲ್ಲೇ ಮತ್ತೆ ಇಟ್ಟು, ತೂತಿಗೆ ರಬ್ಬರ್ ಟೇಪು ಎಳೆದೆಳೆದು ಸುತ್ತಿ, ಮುಚ್ಚಳ ಅಂಟಿಸಿದೆ. ಬರುವ ಭಾನುವಾರ ಆ ಕೋಡಿಯ ಹತ್ತಿರ ಹೋಗಿ ಬರಬೇಕು.