ಎರಡನೇ ಸಾಲಿನ ಗುನುಗು

ನನ್ನ ಭಾವನಿಗೆ ಹಾಡು ಕೇಳಿಸುತ್ತಲೇ ಇರಲಿಲ್ಲ. ಹಾಗಂತ ಕಿವುಡರಲ್ಲ, ಅವರ ಕಿವಿ ಬೇಕಾದ್ದಕ್ಕಿಂತ ಚುರುಕು. ವೇದಿಕೆಯ ಮೇಲೆ ಯಾರೋ ಎದೆ ಬಿಚ್ಚಿ ಹಾಡುತ್ತಿದ್ದರೆ ಇವರಿಗೆ ಕೇಳುತ್ತಿದ್ದುದು ಫ್ಯಾನಿನ ಕಿರ್ರೆನ್ನುವ ಸದ್ದು, ಹಿಂದಿನ ಸಾಲಿನ ಕೆಮ್ಮು, ವೈರಿನೊಳಗಿನ ಗುಂಯ್. ಮೀಸೆ ಮೂಡುವ ಮೊದಲೇ ಮೈಕ್ ಸೆಟ್ ಕೆಲಸಕ್ಕೆ ಸೇರಿದ ಮನುಷ್ಯ. ‘ಹಾಡು ಹೇಗಿತ್ತು ಭಾವ?’ ಎಂದು ಕೇಳಿದರೆ, ‘ಎಡಗಡೆ ಸ್ಪೀಕರ್ ಸ್ವಲ್ಪ ಒಡೀತಿತ್ತು’ ಅನ್ನುವರು. ನನಗೆ ಸಿಟ್ಟು ಬರುತ್ತಿತ್ತು. ಅಕ್ಕ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಅಕ್ಕ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿದ್ದಳು. ಬೆಳಗಿಡೀ ಹೆದರಿದವರ ತೋಳಿಗೆ ಸೂಜಿ ಚುಚ್ಚುವ ಕೆಲಸ. ಗ್ರಂಥಾಲಯಕ್ಕೆ ಪುಸ್ತಕ ಹಿಂದಿರುಗಿಸಲು ಹೋದವಳು ಹಿಂಭಾಗದ ಸಣ್ಣ ಹಾಲಿನಿಂದ ಯಾರೋ ಹಾಡುವುದನ್ನು ಕೇಳಿ ಒಳಗೆ ಹೋಗಿ ಕುಳಿತಳಂತೆ. ಅಲ್ಲಿ ಭಾನುವಾರ ಸಂಜೆ ಹಾಡುವವರೆಲ್ಲ ತಾವೇ ಹಾಡು ಕಟ್ಟಿ, ತಾವೇ ರಾಗ ಹಾಕಿದವರು. ಆ ಜಾಗಕ್ಕೊಂದು ನಿಯಮವಿತ್ತು: ಹಾಡುವವರು ಆ ವಾರವೇ ಬರೆದ, ಯಾರ ಮುಂದೆಯೂ ಹಾಡಿರದ ಒಂದು ಹಾಡನ್ನಾದರೂ ಹಾಡಲೇಬೇಕು. ಅದಕ್ಕೆ ಅಲ್ಲಿನವರು ‘ಹಸಿ ಹಾಡು’ ಅನ್ನುತ್ತಿದ್ದರು. ಮುಂದಿನ ಭಾನುವಾರ ಅಕ್ಕ ಭಾವನನ್ನೂ ಎಳೆದೊಯ್ದಳು. ಸ್ಪೀಕರು ಊಳಿಡುತ್ತಿತ್ತು. ಭಾವ ಐದು ನಿಮಿಷ ಹಲ್ಲು ಕಚ್ಚಿ ಕುಳಿತರು, ಆಮೇಲೆ ಎದ್ದು ಹೋಗಿ ಯಾರನ್ನೂ ಕೇಳದೆ ವೈರುಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸಿದರು. ಅಂದಿನಿಂದ ಹಾಲಿನ ಸೌಂಡು ಅವರ ಕೈಗೆ ಬಂತು.

ಅವರ ಮನೆಯಲ್ಲೇ ಇದ್ದ ನಾನೂ ಮೂಗು ಮುರಿಯುತ್ತಲೇ ಹೋದವಳು. ವಕೀಲರ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೇನೆ, ಸಾಕ್ಷಿ ಇಲ್ಲದೆ ಏನನ್ನೂ ಒಪ್ಪುವ ಅಭ್ಯಾಸ ನನಗಿಲ್ಲ. ‘ಹೆಸರೇ ಕೇಳಿಲ್ಲದವರ ಹಾಡನ್ನ ಏನಂತ ಕೇಳೋದು?’ ಅಂದರೆ ಅಕ್ಕ, ‘ಹೆಸರು ಬಂದ್ಮೇಲೆ ಊರೆಲ್ಲ ಕೇಳುತ್ತೆ ಕಣೇ. ಈಗ ಕೇಳು, ಈಗ ಅದು ನಿನಗೆ ಮಾತ್ರ’ ಅಂದಳು. ಅವತ್ತು ಒಬ್ಬ ಬಸ್ ಮೆಕ್ಯಾನಿಕ್ ಉಗುರಿನ ಸಂದಿಯ ಗ್ರೀಸ್ ಸಮೇತ ಗಿಟಾರ್ ಹಿಡಿದು, ಬಸ್ಸಿನಲ್ಲಿ ಜನ ಮರೆತುಹೋದ ಕೊಡೆಗಳ ಬಗ್ಗೆ ಹಾಡಿದ. ಮೊದಲು ನಗು ಬಂತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ನಗು ನಿಂತಿತ್ತು. ಒಬ್ಬ ನರ್ಸ್ ನೆಲ ನೋಡಿಕೊಂಡೇ ಹಾಡಿ ಮುಗಿಸಿದಾಗಲಂತೂ ಎಲ್ಲರೂ ಚಪ್ಪಾಳೆ ತಟ್ಟುವುದನ್ನೇ ಮರೆತರು. ಆಮೇಲೆ ನಾನು ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ಅಕ್ಕನದು ಎರಡನೇ ಸಾಲಿನಲ್ಲಿ ಗೋಡೆ ಬದಿಯ ಕುರ್ಚಿ. ಸರಿಯಾಗಿ ಅದರ ಮೇಲೆಯೇ, ಚಪ್ಪಾಳೆ ಹಿಡಿಯಲೆಂದು ಭಾವ ಒಂದು ಮೈಕು ತೂಗುಬಿಟ್ಟಿದ್ದರು. ಅಕ್ಕನಿಗೆ ಹಾಡು ಕೇಳುತ್ತ ಗುನುಗುವ ಚಟ. ಎರಡು ಸಾಲು ಕೇಳಿದರೆ ಸಾಕು, ಮೂರನೆಯದು ಎತ್ತ ಹೋಗುತ್ತದೆ ಎಂದು ಅವಳಿಗೆ ಹೊಳೆದುಬಿಡುತ್ತಿತ್ತು. ಹಾಡುವವರಿಗಿಂತ ಕೂದಲೆಳೆಯಷ್ಟು ಮುಂದೆಯೇ ಅವಳ ಗುನುಗು. ಮುಂದಿನವರು ತಿರುಗಿ ಕೆಕ್ಕರಿಸಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಭಾವ ಪ್ರತಿ ಕಾರ್ಯಕ್ರಮವನ್ನೂ ರೆಕಾರ್ಡ್ ಮಾಡಿ, ಸೋಮವಾರ ಮನೆಯಲ್ಲಿ ಕಿವಿಗೆ ಹೆಡ್‌ಫೋನ್ ಏರಿಸಿ ಕುಳಿತು, ಕೆಮ್ಮು, ಕುರ್ಚಿಯ ಕಿರಕಿರ, ಅಕ್ಕನ ಗುನುಗು ಎಲ್ಲವನ್ನೂ ಹೆಕ್ಕಿ ತೆಗೆದು ಹಾಡುಗಾರರಿಗೆ ಕಳಿಸುತ್ತಿದ್ದರು. ಕಳಿಸಿದ ಮೇಲೆ ಮೂಲವನ್ನು ಅಳಿಸಿಬಿಡುತ್ತಿದ್ದರು. ಕಸವನ್ನು ಯಾರಾದರೂ ಎತ್ತಿಡುತ್ತಾರೆಯೇ?

ಹಾಲಿನಿಂದ ಹೊರಬೀಳುವಾಗ ಪ್ರತಿ ವಾರ ಅದೇ ಮಾತು.

‘ಏನ್ರೀ, ಇವತ್ತೂ ನನ್ನ ಕತ್ತರಿಸ್ತೀರಾ?’

‘ಕತ್ತರಿಸದೆ? ಹಾಡು ಅವರದು ಕಣೇ, ನಿಂದಲ್ಲ.’

ಅಕ್ಕ ಹೋದದ್ದು ಲ್ಯಾಬಿನಲ್ಲಿ, ಬೆಳಗಿನ ಕೆಲಸಕ್ಕೆ ಕೈಗವಸು ಹಾಕಿಕೊಳ್ಳುವಾಗ. ಎದೆ ಒತ್ತಿಕೊಂಡು ಸ್ಟೂಲಿನ ಮೇಲೆ ಕುಳಿತವಳು ಮತ್ತೆ ಏಳಲಿಲ್ಲ. ಒಂದು ಕೈಗೆ ಗವಸು ಏರಿತ್ತು, ಇನ್ನೊಂದಕ್ಕೆ ಇರಲಿಲ್ಲ.

ಬಂದವರೆಲ್ಲ ಹೋದ ಮೇಲೆ ಭಾವ ಹೆಡ್‌ಫೋನ್ ಹಾಕಿಕೊಂಡು ಕುಳಿತರು. ಊಟಕ್ಕೆ ಕರೆದರೆ ಏಳಲಿಲ್ಲ. ಚೊಕ್ಕ ಮಾಡಿಟ್ಟಿದ್ದ ಅಷ್ಟು ವರ್ಷಗಳ ರೆಕಾರ್ಡುಗಳಲ್ಲಿ ಅಕ್ಕನ ಗುನುಗಿನ ಒಂದು ಚೂರಾದರೂ ಉಳಿದಿದೆಯೇ ಎಂದು ಹುಡುಕುತ್ತಿದ್ದರು. ಇರಲಿಲ್ಲ. ಅವರ ಕೆಲಸ ಅಷ್ಟು ಅಚ್ಚುಕಟ್ಟು. ಫೋನಿನಲ್ಲಿ ಅವಳ ಮಾತು ಇತ್ತು, ‘ಬರ್ತಾ ಸೋಪು ತನ್ನಿ’, ‘ಎಲ್ಲಿದೀರಾ, ಮಳೆ ಬರ್ತಿದೆ’ ಅಂತೆಲ್ಲ. ಅದನ್ನು ಕೇಳಿಸಿದೆ. ಅವರು ತಲೆ ಅಲ್ಲಾಡಿಸಿದರು.

‘ಅದು ನನ್ನ ಜೊತೆ ಮಾತಾಡಿದ್ದು. ಅವಳು ಖುಷಿಯಾಗಿದ್ದಾಗಿನ ಸದ್ದು ಬೇಕು ನನಗೆ. ಅದನ್ನೇ ಕೂತು ಕೂತು ತೆಗೆದು ಹಾಕಿದೀನಲ್ಲಮ್ಮ.’

ನಾನು ತಟ್ಟೆ ಎತ್ತಿಕೊಂಡು ಒಳಗೆ ಹೋದೆ.

ಕೆಲವು ತಿಂಗಳ ಮೇಲೆ ಹಾಲ್ ನಡೆಸುವವರು ಬಂದು ಕೇಳಿಕೊಂಡಾಗ ಭಾವ ಮತ್ತೆ ಹೊರಟರು. ಇವರನ್ನು ಒಂಟಿಯಾಗಿ ಕಳಿಸಲು ಮನಸ್ಸಾಗದೆ ನಾನೂ ಹೋಗಿ, ಹಿಂದೆ ಮಿಕ್ಸರಿನ ಪಕ್ಕ ಕುಳಿತೆ. ಮಿಕ್ಸರ್ ಅಂದರೆ ಅಡುಗೆಮನೆಯದಲ್ಲ, ಸಾಲು ಸಾಲು ಗುಂಡಿಗಳಿರುವ ಪೆಟ್ಟಿಗೆ. ಒಂದೊಂದು ಮೈಕಿಗೆ ಒಂದೊಂದು ಸಣ್ಣ ಹಸಿರು ದೀಪ. ಸದ್ದು ಬಿದ್ದರೆ ಮಿನುಗುತ್ತದೆ. ಗೋಡೆ ಬದಿಯ ಕುರ್ಚಿಯಲ್ಲಿ ಯಾರೂ ಕೂರಲಿಲ್ಲ. ಯಾರೂ ಹೇಳಿರಲಿಲ್ಲ, ಜನರೇ ಬಿಟ್ಟಿದ್ದರು. ಮೆಕ್ಯಾನಿಕ್ ತನ್ನ ಹಸಿ ಹಾಡು ಶುರುಮಾಡಿದ. ಎರಡು ಸಾಲು ಕಳೆದು ಮೂರನೆಯದಕ್ಕೆ ಬರುವಷ್ಟರಲ್ಲಿ, ತೂಗುಬಿಟ್ಟ ಮೈಕಿನ ದೀಪ ಮೆಲ್ಲಗೆ ಮಿನುಗತೊಡಗಿತು.

ಭಾವನ ಕೈ ಗುಂಡಿಯ ಮೇಲೆಯೇ ನಿಂತಿತು. ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟರು. ‘ಏನ್ ಕೇಳ್ಸುತ್ತೆ?’

‘ಟ್ಯೂಬ್‌ಲೈಟ್ ಸದ್ದು, ಅಷ್ಟೇ.’

ಅವರು ಎದ್ದು ಹೋಗಿ ಟ್ಯೂಬ್‌ಲೈಟುಗಳನ್ನು ಆರಿಸಿದರು. ವೇದಿಕೆಯ ದೀಪವೊಂದು ಉಳಿಯಿತು. ಆ ಸದ್ದು ನಿಲ್ಲಲಿಲ್ಲ. ಟ್ಯೂಬ್‌ಲೈಟಿನ ಸದ್ದು ಒಂದೇ ಮಟ್ಟದಲ್ಲಿ ಗುಂಯ್ ಅನ್ನುತ್ತದೆ. ಇದು ಹಾಡಿನ ಜೊತೆ ಏರುತ್ತಿತ್ತು, ಇಳಿಯುತ್ತಿತ್ತು. ಕೂದಲೆಳೆಯಷ್ಟು ಮುಂದೆ. ಹೆಡ್‌ಫೋನ್ ಕಿತ್ತರೆ ಹಾಲಿನಲ್ಲಿ ಮೆಕ್ಯಾನಿಕ್‌ನ ದನಿ ಬಿಟ್ಟು ಬೇರೇನೂ ಇಲ್ಲ. ಮತ್ತೆ ಹಾಕಿಕೊಂಡರೆ ಇದೆ. ಆ ಹಾಡನ್ನು ಅದಕ್ಕೆ ಮೊದಲು ಯಾರೂ ಕೇಳಿರಲಿಲ್ಲ.

ಮನೆಗೆ ಹೋಗಿ ರೆಕಾರ್ಡ್ ಹಾಕಿದೆವು. ಕೆಮ್ಮು ಇತ್ತು, ಕುರ್ಚಿ ಇತ್ತು, ಬೀದಿಯಲ್ಲಿ ಹೋದ ಆಟೋ ಕೂಡ ಇತ್ತು. ಗುನುಗು ಇರಲಿಲ್ಲ.

ಆಮೇಲಿನ ವಾರಗಳಲ್ಲಿ ಭಾವನನ್ನು ನೋಡಲಾಗುತ್ತಿರಲಿಲ್ಲ. ಮೈಕು ಬದಲಾಯಿಸಿದರು, ವೈರು ಬದಲಾಯಿಸಿದರು, ಬೇರೆ ರೆಕಾರ್ಡರ್ ತಂದರು. ಭಾನುವಾರ ಹಾಲಿನಲ್ಲಿ ಹೆಡ್‌ಫೋನ್ ಹಾಕಿದರೆ ಗುನುಗು ಸ್ಪಷ್ಟ. ಸೋಮವಾರ ಮನೆಯಲ್ಲಿ ಆ ಜಾಗ ಖಾಲಿ. ಸದ್ದಿಲ್ಲದಿರುವುದು ಬೇರೆ, ಸದ್ದನ್ನು ತೆಗೆದಿರುವುದು ಬೇರೆ ಎಂದು ಅವರೇ ತೋರಿಸಿಕೊಟ್ಟರು. ತೆಗೆದ ಕಡೆ ಹಾಡಿನ ಹಿಂದೆ ಒಂದು ನುಣುಪು ಉಳಿಯುತ್ತದಂತೆ. ಕಿವಿಗೊಟ್ಟು ಕೇಳಿದೆ. ಹೌದು, ಉದ್ದಕ್ಕೂ ಆ ನುಣುಪು ಇತ್ತು. ಯಾರೋ ನಮಗಿಂತ ಮೊದಲೇ ಕುಳಿತು ಚೊಕ್ಕ ಮಾಡಿದ್ದರು.

‘ಯಾಕೆ ಹೀಗೆ? ಅಲ್ಲಿರೋದು ಇಲ್ಯಾಕೆ ಬರಲ್ಲ?’ ಭಾವ ಮೇಜು ಗುದ್ದಿದರು.

ನನ್ನ ನಾಲಿಗೆಗೆ ಲಗಾಮಿಲ್ಲ. ‘ನೀವೇ ತಾನೇ ಭಾವ ಅಭ್ಯಾಸ ಮಾಡಿಸಿದ್ದು? ವಾರ ವಾರ ಕತ್ತರಿಸಿದ್ರಿ. ಈಗ ನಿಮಗ್ಯಾಕೆ ತೊಂದ್ರೆ ಅಂತ ಅವಳೇ ಕತ್ತರಿಸಿಕೊಂಡು ಕೊಡ್ತಿದಾಳೆ’ ಅಂದುಬಿಟ್ಟೆ.

ಅವರ ಮುಖ ಬಿಳಿಚಿಕೊಂಡಿತು. ಅಂದ ಮಾತನ್ನು ನುಂಗಿಕೊಳ್ಳುವ ಹಾಗಿದ್ದರೆ ನುಂಗಿಬಿಡುತ್ತಿದ್ದೆ. ಅವರು ಹೆಡ್‌ಫೋನನ್ನು ಡಬ್ಬಿಯೊಳಗಿಟ್ಟು, ‘ಬರೋ ವಾರ ರೆಕಾರ್ಡ್ ಬೇಡ. ಮಿಕ್ಸರ್ ನೀನು ನೋಡ್ಕೋ ವಕೀಲಮ್ಮ. ಏನೂ ಮುಟ್ಟಬೇಡ, ಸುಮ್ನೆ ಕೂತಿರು’ ಅಂದರು. ನನ್ನನ್ನು ಅವರು ಕರೆಯುತ್ತಿದ್ದುದೇ ಹಾಗೆ.

ಆ ಭಾನುವಾರ ಭಾವ ಕೇಳುಗರ ನಡುವೆ ಕುಳಿತರು, ಮೊದಲ ದಿನದ ಆ ಐದು ನಿಮಿಷ ಬಿಟ್ಟರೆ ಇದೇ ಮೊದಲು. ಎರಡನೇ ಸಾಲು, ಗೋಡೆ ಬದಿಯ ಕುರ್ಚಿಯ ಪಕ್ಕದ್ದು. ಎರಡೂ ಕೈ ಮೊಣಕಾಲಿನ ಮೇಲೆ, ದಂತವೈದ್ಯರ ಬಾಗಿಲಲ್ಲಿ ಕಾಯುವವರ ಹಾಗೆ. ಹಿಂದಿನಿಂದ ನೋಡುತ್ತ ನನಗೆ ನಗು ಬಂತು. ಸಾಕ್ಷಿ ಬೇಕೆನ್ನುವ ಚಾಳಿ ನನ್ನನ್ನು ಬಿಡಬೇಕಲ್ಲ; ಹೆಡ್‌ಫೋನ್ ಏರಿಸಿಕೊಂಡು ರೆಕಾರ್ಡರಿನ ಕೆಂಪು ಗುಂಡಿ ಒತ್ತಿದೆ.

ಅವತ್ತು ಹಾಡಲು ಬಂದವಳು ಔಷಧಿ ಅಂಗಡಿಯ ಹುಡುಗಿ. ಹೊಸಬಳು. ‘ಇದು ಇವತ್ತು ಮಧ್ಯಾಹ್ನ ಅಂಗಡೀಲೇ ಬರೆದಿದ್ದು. ಮನೇಲೂ ಹಾಡಿಲ್ಲ’ ಎಂದು ಶುರುಮಾಡಿದಳು. ಗಿಟಾರ್ ಅಷ್ಟಕ್ಕಷ್ಟೇ. ಆದರೆ ದನಿ ತೆಗೆದ ಕೂಡಲೇ ಹಾಲಿನ ಜನವೆಲ್ಲ ಮುಂದಕ್ಕೆ ಬಾಗಿತು. ಅಕ್ಕ ಇದ್ದಿದ್ದರೆ ನನ್ನ ತೊಡೆ ಚಿವುಟಿ, ‘ಸಿಕ್ಕಳು ನೋಡು’ ಅನ್ನುತ್ತಿದ್ದಳು.

ತೀರಿಹೋದ ಅಪ್ಪನ ಮೇಲಿನ ಹಾಡು ಅದು.

*ನೀ ತೆಗೆದಿಟ್ಟ ಕನ್ನಡಕದ ಮೇಲೆ*
*ಇನ್ನೂ ನಿನ್ನ ಬೆರಳ ಗುರುತು.*
*ಒರೆಸಲೆಂದು ಹೋದ ಕೈಯಿ—*

ಅಲ್ಲಿಗೆ ನಿಂತಳು. ಮರೆತಿದ್ದಳು. ಮತ್ತೆ ಅದೇ ಸಾಲು ಹಾಡಿದಳು, ಮತ್ತೆ ಅಲ್ಲೇ ಸಿಕ್ಕಿಕೊಂಡಳು. ನನ್ನ ಮುಂದೆ ಹಸಿರು ದೀಪ ಮಿನುಗಿತು. ಹೆಡ್‌ಫೋನಿನಲ್ಲಿ ಆ ಗುನುಗು ಮುಂದಿನ ಸಾಲಿಗೆ ಹೊರಟುಬಿಟ್ಟಿತ್ತು. ಭಾವ ತಲೆಯನ್ನು ಖಾಲಿ ಕುರ್ಚಿಯ ಕಡೆಗೆ ಒಂದಿಷ್ಟು ವಾಲಿಸಿದರು. ಆಮೇಲೆ, ಜನ್ಮದಲ್ಲಿ ಒಂದು ಸಾಲೂ ಹಾಡದ ಆ ಮನುಷ್ಯ, ಒರಟು ದನಿಯಲ್ಲಿ, ರಾಗ ತಪ್ಪದೆ ಹಾಡಿದರು:

*ಒರೆಸದೆಯೇ ಬಂತು.*

ಹುಡುಗಿ ಅದನ್ನು ಹಿಡಿದುಕೊಂಡು ಹಾಡು ಮುಗಿಸಿದಳು. ಚಪ್ಪಾಳೆ ನಿಂತ ಮೇಲೆ ಇಳಿದು ಬಂದು, ‘ಅಂಕಲ್, ಆ ಸಾಲು ನಿಮಗೆ ಹೇಗೆ ಗೊತ್ತು? ನಾನು ಯಾರಿಗೂ ತೋರಿಸೇ ಇಲ್ಲ’ ಅಂದಳು.

‘ನನಗೇನೂ ಗೊತ್ತಿಲ್ಲಮ್ಮ. ಪಕ್ಕದವರು ಹೇಳ್ಕೊಟ್ರು’ ಅಂದರು ಭಾವ.

ಹುಡುಗಿ ಪಕ್ಕದ ಕುರ್ಚಿ ನೋಡಿದಳು, ನನ್ನನ್ನು ನೋಡಿದಳು.

ದಾರಿಯುದ್ದಕ್ಕೂ ಭಾವ ಆ ಹುಡುಗಿಯ ಹಾಡಿನ ಬಗ್ಗೆಯೇ ಮಾತಾಡಿದರು. ದನಿ ಹೇಗಿತ್ತು, ಆ ಕನ್ನಡಕದ ಮಾತು ಎಷ್ಟು ಚೆನ್ನಾಗಿತ್ತು ಅಂತ. ಸ್ಪೀಕರಿನ ಸುದ್ದಿಯೇ ಎತ್ತಲಿಲ್ಲ. ಮರುದಿನ ಅವರಿಲ್ಲದಾಗ ನಾನು ಕದ್ದು ರೆಕಾರ್ಡ್ ಹಾಕಿದೆ. ಹುಡುಗಿಯ ಹಾಡು, ಅವಳು ತಡವರಿಸಿದ್ದು, ಭಾವನ ಒರಟು ದನಿ. ಅಕ್ಕನ ಗುನುಗು ಇರಲಿಲ್ಲ, ಅದೇ ನುಣುಪು. ಕೊನೆಯಲ್ಲಿ ಚಪ್ಪಾಳೆ, ಹುಡುಗಿ ಭಾವನ ಜೊತೆ ಮಾತಾಡಿದ್ದು, ಜನ ಏಳುವ ಸದ್ದು, ಆಮೇಲೆ ನುಣುಪಾದ ಒಂದು ತುಂಡು ಮೌನ, ಯಾರೋ ಒಂದು ಪ್ರಶ್ನೆ ಕೇಳುವಷ್ಟು ಉದ್ದದ್ದು. ಅದು ಮುಗಿದ ಮೇಲೆ ಭಾವನ ದನಿ, ತೀರಾ ಮೆಲ್ಲಗೆ, ಮೈಕಿಗೆ ಹತ್ತಿರದಲ್ಲಿ:

‘ಇಲ್ಲ ಕಣೇ. ಇವತ್ತು ಕತ್ತರಿಸಲ್ಲ.’

ಅದನ್ನು ನಾನು ಕೆಮ್ಮಿನ ಸಮೇತ ಹಾಗೆಯೇ ಇಟ್ಟುಕೊಂಡಿದ್ದೇನೆ.