ಹೂಡೆಯ ಹೊಳೆಯಲ್ಲಿ ಕರಗದ ಹಾಳೆ

ವನಿತಾ, ಆ ಹಾಳೆ ಕರಗಿರಲಿಲ್ಲ. ಕರಗಿತು ಎಂದು ನಾನು ನಿನಗೆ ಸುಳ್ಳು ಹೇಳಿದೆ.

ಮಣಿಪಾಲದ ಲ್ಯಾಬಿನಲ್ಲಿ ನಾವಿಬ್ಬರೂ ಮೀನಿನ ಹುರುಪೆ ಬೇಯಿಸಿ ಅಂಟು ತೆಗೆಯುತ್ತಿದ್ದ ದಿನಗಳು ನಿನಗೆ ಮರೆತಿರಲಾರವು — ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ಆ ಅಂಟಿಗೆ ಬಣ್ಣ ಬೆರೆಸಿ ತೆಳ್ಳಗೆ ಒಣಗಿಸಿದ ಹಾಳೆ ಲೇಸರ್ ಬೆಳಕು ಬೀರಬೇಕು, ಕೆಲಸ ಮುಗಿದ ಮೇಲೆ ಉಪ್ಪುನೀರಿನಲ್ಲಿ ಕರಗಿಹೋಗಬೇಕು. ಅಷ್ಟೇ ನಮ್ಮ ಆಸೆ. ಆದರೆ ಇಲ್ಲಿಯ ಸೆಕೆಗೆ ಹಾಳೆ ಮೆತ್ತಗಾಗಿ, ಬೆಳಕು ಹುಟ್ಟುವ ಮೊದಲೇ ಮುದುಡುತ್ತಿತ್ತು. ನಾನು — ನಿನಗೆ ಹೇಳದೆ — ಗಟ್ಟಿಯಾಗಿಸುವ ರಾಸಾಯನಿಕವನ್ನು ಒಂದಿಷ್ಟು ಸೇರಿಸಿದೆ. ಹಾಳೆ ನಿಂತಿತು, ಬೆಳಗಿತು. "ನಿನ್ನ ಕೈಗುಣ ಮಾರಾಯ್ತಿ!" ಎಂದು ನೀನು ಕುಣಿದೆ. ಆಗಲಾದರೂ ಬಾಯಿ ಬಿಡಬಹುದಿತ್ತು. ಹೊಗಳಿಕೆ ಯಾರಿಗೆ ಬೇಡ...

ಕರಗುತ್ತದೋ ನೋಡೋಣವೆಂದು ಅದನ್ನು ಬಲೆಚೀಲದಲ್ಲಿಟ್ಟು, ಹೂಡೆಯಲ್ಲಿ ದೋಣಿ ಕಟ್ಟುವ ಗೂಟದಿಂದ ಕಡಲ ಉಪ್ಪುನೀರು ಏರುವ ಹೊಳೆಗೆ ಇಳಿಬಿಟ್ಟಿದ್ದೆವು. ಎತ್ತಲು ಹೋದವಳು ನಾನೊಬ್ಬಳೇ. ಚೀಲದ ತುಂಬ ಕೆಸರು, ನಡುವೆ ಹಾಳೆ — ಹಾಕಿದ ಹಾಗೆಯೇ. ಅಷ್ಟರಲ್ಲಿ ನಿನ್ನ ಫೋನ್ ಬಂತು.

"ಎಂತ ಆಯ್ತು? ಕರಗಿತಾ?"

"ಹೌದು ಮಾರಾಯ್ತಿ. ಎಂತದೂ ಇಲ್ಲ, ಬರೀ ಕೆಸರು ಉಂಟು."

ಆ ಸುಳ್ಳು ಸಂಶೋಧನಾ ಲೇಖನವಾಗಿ ನನ್ನ ಹೆಸರಿನಲ್ಲೇ ಅಚ್ಚಾಯಿತು. ನೀನೋ, ಆ ರಾಸಾಯನಿಕದ ಸುಳಿವೇ ಇಲ್ಲದೆ, ನಾನು ಹೇಳಿಕೊಟ್ಟಂತೆಯೇ ಮತ್ತೆ ಮತ್ತೆ ಮಾಡಿದೆ, ಪ್ರತಿಸಲವೂ ಹಾಳೆ ಲೋಳೆಯಾಯಿತು. ಮೊದಮೊದಲು ನೀನು ನಗುತ್ತಿದ್ದೆ, ಆಮೇಲೆ ನಗುವುದನ್ನೇ ಬಿಟ್ಟೆ. "ನನ್ನ ಕೈಗುಣವೇ ಸರಿ ಇಲ್ಲ" ಎಂದು ನೀನು ಲ್ಯಾಬ್ ಬಿಟ್ಟು ಹೊರಟಾಗ ನಾನು ಮಾಡಿದ್ದೇನು? ಬಸ್ ಸ್ಟ್ಯಾಂಡಿನವರೆಗೆ ನಿನ್ನ ಬ್ಯಾಗು ಹೊತ್ತುಕೊಂಡು ಬಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಈಗ ಇನ್ನಂಜೆಯ ಶಾಲೆಯಲ್ಲಿ ಪಾಠ ಮಾಡುವ ನೀನು ನನ್ನನ್ನು ಕರೆದಿದ್ದೀಯೆ. "ಆ ಹಾಳೆ ಕರಗುವುದನ್ನು ನೀನೇ ಬಂದು ಮಕ್ಕಳಿಗೆ ತೋರಿಸು. ನಾನು ಮುಟ್ಟಿದರೆ ಹಾಳಾಗ್ತದೆ ಅಲ್ವಾ?" ಇಷ್ಟು ವರ್ಷವೂ ನೀನು ನಿನ್ನ ಕೈಯನ್ನೇ ದೂರುತ್ತಿದ್ದೆಯಲ್ಲ — ನನ್ನನ್ನಲ್ಲ, ನಿನ್ನ ಕೈಯನ್ನೇ...

ಆ ಲೇಖನ ಹಿಂತೆಗೆಯಬೇಕೆಂದು ನಮ್ಮ ಲ್ಯಾಬಿನ ಸರ್ ಅವರಿಗೆ ತಿಳಿಸಿದ್ದೇನೆ. ನಿನ್ನಲ್ಲಿಗೂ ಬರುತ್ತೇನೆ, ವನಿತಾ. ಅಂದು ಹೊಳೆಯಿಂದ ಎತ್ತಿ ಬಚ್ಚಿಟ್ಟ ಹಾಳೆ ಇನ್ನೂ ನನ್ನ ಹತ್ತಿರವೇ ಇದೆ. ಕಾಪುವಿನ ಕಡಲಿನಿಂದ ನೀರು ತಂದು, ಮಕ್ಕಳ ಎದುರು ಅದರಲ್ಲಿ ಹಾಕುತ್ತೇನೆ. ಅದು ಕರಗುವುದಿಲ್ಲ. ಯಾಕೆಂದು ಅವರು ಕೇಳಿಯೇ ಕೇಳುತ್ತಾರೆ. ಹೇಳುತ್ತೇನೆ — ನಾನು ಮಾಡಿದ್ದು ಮೋಸ, ಸರಿಯಾಗಿ ಮಾಡಿದವರು ನಿಮ್ಮ ಟೀಚರ್ ಎಂದು.